ಅಂಬುಜಮ್ಮನವರ ತೊಲೆಯ ಮೇಲಿರುವ ಹಲ್ಲಿಯವರ ಸನ್ನಿಧಾನಕ್ಕೆ

ಹೊಸೂರು, ವೈಶಾಖ ಮಾಸ, ೧೯೪೨

ಮಾನ್ಯರೇ,

ತಮ್ಮ ತೊಲೆಗೆ ಗೆದ್ದಲು ಹಿಡಿಯದಿರಲಿ, ತಮ್ಮ ಗೋಡೆಯಲ್ಲಿ ನೊಣ ಸೊಳ್ಳೆಗಳ ಸುಭಿಕ್ಷ ಸದಾ ಇರಲಿ ಎಂದು ಹಾರೈಸುತ್ತ, ಈ ಊರಿನ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದಿರುವ ಉಪಾಧ್ಯಾಯ ಹಯಗ್ರೀವನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಸೇಲಂನಲ್ಲಿದ್ದಾಗ ನನ್ನ ಜೊತೆಯ ಮೇಷ್ಟ್ರು ಕದಿರಪ್ಪನವರು, "ಹೊಸೂರ್ನಾಗೆ ಮನೇಗೇನು ಬರವಾ? ಬೀದಿಗೆ ನಾಕು ಖಾಲಿ ಬಿದ್ದವೆ, ಬಾಡಿಗೆ ಅಂದ್ರೆ ಬೆಲ್ಲದಷ್ಟು ಅಗ್ಗ, ಓಗಪ್ಪ ಸುಮ್ನೆ" ಎಂದು ಬೆನ್ನು ತಟ್ಟಿ ಕಳಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಮಾತನ್ನು ಮದರಾಸಿನಲ್ಲಿಯೂ ಯಾರೋ ಹೇಳಿಬಿಟ್ಟಿದ್ದರು. ಜಪಾನಿನವರ ಬಾಂಬಿಗೆ ಹೆದರಿದ ಮಹನೀಯರೆಲ್ಲ ಹಾಸಿಗೆ, ವೀಣೆ, ಉಪ್ಪಿನಕಾಯಿ ಜಾಡಿ ಸಮೇತ ಇಲ್ಲಿಗೇ ಬಂದಿಳಿದು, ಹೊಸೂರು ಅಗ್ಗವೆಂಬ ಸುದ್ದಿಯೇ ಹೊಸೂರನ್ನು ದುಬಾರಿ ಮಾಡಿತು. ನಾವು ಬರುವಷ್ಟರಲ್ಲಿ ಉಳಿದಿದ್ದುದು ಒಂದೇ ಮನೆ, ತಮ್ಮದು.

ನನ್ನ ಹೆಂಡತಿ ಜಲಜಮ್ಮನಿಗೆ ಈಗ ಆರು ತಿಂಗಳು. ಛತ್ರದ ಜಗಲಿಯಲ್ಲಿ ಸೀರೆಯೊಂದನ್ನು ಪರದೆಯಾಗಿ ಕಟ್ಟಿ ಹನ್ನೆರಡು ದಿನದಿಂದ ಸಂಸಾರ ಮಾಡುತ್ತಿದ್ದೇವೆ. ಗಾಳಿ ಬೀಸಿದಾಗಲೆಲ್ಲ ನಮ್ಮ ಸಂಸಾರ ಬೀದಿಗೆ ಕಾಣುತ್ತದೆ. ಈ ವಾರ ಮನೆಯಾಗದಿದ್ದರೆ ಅವಳು ಬೇರಿಕೆಯಲ್ಲಿರುವ ಅಣ್ಣನ ಮನೆಗೆ ಹೋಗುತ್ತಾಳಂತೆ. ಅಲ್ಲಿ ಅತ್ತಿಗೆ ಅನ್ನಕ್ಕಿಂತ ಮೊದಲು ಮಾತು ಬಡಿಸುತ್ತಾಳೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳನ್ನು ಕಳಿಸಲು ನನಗೆ ಮನಸ್ಸಿಲ್ಲ.

ತಮ್ಮ ಮನೆಯ ಒಡತಿ ಅಂಬುಜಮ್ಮನವರು ಸಾಧ್ವಿ. ಬಾಡಿಗೆಗೆ ಬಂದವರ ಕುಲ ಗೋತ್ರ ಕೇಳಿ, ಮೊತ್ತ ಹೇಳಿಸಿ, ಆಮೇಲೆ ಕಣ್ಣು ಮುಚ್ಚಿ ತಮ್ಮ ಅಪ್ಪಣೆಗಾಗಿ ಕಾಯುತ್ತಾರೆ. ತಾವು ಲೊಚಗುಟ್ಟಿದರೆ ನೆಲಕ್ಕೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಎಂದು ಬೀಗದ ಕೈ ಕೊಡುತ್ತಾರೆ. ಲೊಚಗುಟ್ಟದಿದ್ದರೆ ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ನಾನು ಈವರೆಗೆ ಅವರ ಮನೆಯಲ್ಲಿ ಮೂರು ಸಲ ಮಜ್ಜಿಗೆ ಕುಡಿದಿದ್ದೇನೆ.

ಮೂರು ಸಲವೂ ಮಡಿ ಪಂಚೆ ಉಟ್ಟು, ಜರಿ ಪೇಟ ಸುತ್ತಿ, ತಮ್ಮೆದುರು ಪರೀಕ್ಷೆಗೆ ಕೂತ ಹುಡುಗನಂತೆ ನಿಂತೆ. ತಾವು ಕತ್ತು ಕೊಂಕಿಸಿ ನೋಡಿದಿರಿ, ಒಂದು ನುಸಿಯನ್ನೂ ನುಂಗಿದಿರಿ, ತುಟಿ ಬಿಚ್ಚಲಿಲ್ಲ. "ಹಲ್ಲಿ ನುಡೀಲಿಲ್ಲವಲ್ಲಪ್ಪ, ನಾನೇನು ಮಾಡ್ಲಿ?" ಎಂದರು ಅಂಬುಜಮ್ಮನವರು. ನಿನ್ನೆ ಮದರಾಸಿನ ವಕೀಲರೊಬ್ಬರು ಬಂದು ನಾನು ಹೇಳಿದ್ದರ ಎರಡರಷ್ಟು ಬಾಡಿಗೆಯನ್ನು ಬಾಯಲ್ಲಿ ಆಡಿ ಮುಗಿಸುವ ಮೊದಲೇ ತಾವು ಲೊಚಲೊಚನೆ ಮೂರು ಸಲ ನುಡಿದಿರಂತೆ! ಶಕುನಶಾಸ್ತ್ರದ ಜೊತೆಗೆ ಅರ್ಥಶಾಸ್ತ್ರವನ್ನೂ ಓದಿಕೊಂಡಿರುವ ತಮ್ಮ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಡೆಂಕಣಿಕೋಟೆಯ ಆನೆಗಳೂ ರಾಗಿ ಹೊಲಕ್ಕೆ ನುಗ್ಗುವ ಮುನ್ನ ಇಷ್ಟು ಲೆಕ್ಕ ಹಾಕುವುದಿಲ್ಲ.

ಆದಕಾರಣ ನನ್ನ ವಿನಮ್ರ ಬೇಡಿಕೆಗಳನ್ನು ಮನ್ನಿಸಬೇಕು. ಶುಕ್ರವಾರ ವಕೀಲರು ಹಾಲುಕ್ಕಿಸಲು ಬರುವಾಗ ತಾವು ನಾಲ್ಕು ದಿನದ ಮಟ್ಟಿಗೆ ನೆಂಟರ ಮನೆಗೆ ಹೋಗಬೇಕು. ಅದಾಗದಿದ್ದರೆ ತಮ್ಮ ಮೂರು ನುಡಿಗಳಲ್ಲಿ ಒಂದನ್ನಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದೂ ಆಗದಿದ್ದರೆ ತಾವು ವಾಸಿಸುವ ಬಿರುಕಿನಲ್ಲಿ ಮೂವರಿಗೆ ಸಾಲುವಷ್ಟು ಜಾಗವನ್ನು ಒಳಬಾಡಿಗೆಗೆ ಕೊಡಬೇಕು. ತಮಗೇನು, ಬಾಲ ಬಿಟ್ಟು ಓಡಿದರೂ ಮತ್ತೊಂದು ಬೆಳೆಯುತ್ತದೆ. ನಮಗೆ ಈ ಮನೆ ಬಿಟ್ಟರೆ ಮತ್ತೊಂದು ಬೆಳೆಯುವುದಿಲ್ಲ.

ಹೆಚ್ಚಿಗೆ ಬರೆಯಲು ಛತ್ರದ ದೀಪದಲ್ಲಿ ಎಣ್ಣೆಯಿಲ್ಲ.

ತಮ್ಮ ಬಾಲದ ತುದಿಯವರೆಗೂ ವಿಶ್ವಾಸಿ,
ಹಯಗ್ರೀವ

ಮರೆತ ಮಾತು (ಶನಿವಾರ): ಈ ಪತ್ರವನ್ನು ತಮ್ಮ ಗೋಡೆಗೆ ಅಂಟಿಸುವ ಮೊದಲೇ ತಾವು ಕರುಣೆ ತೋರಿದಿರಿ. ನಿನ್ನೆ ಹಾಲು ಉಕ್ಕುವ ಹೊತ್ತಿಗೆ ಒಲೆಯ ಹೊಗೆ ತಡೆಯಲಾರದೆ ತಾವು ತೊಲೆಯಿಂದ ಜಾರಿ, ನೇರವಾಗಿ ವಕೀಲರ ಬೋಳು ತಲೆಯ ಮೇಲೆ ಬಿದ್ದಿರಂತೆ. ಅಂಬುಜಮ್ಮನವರು ಪಂಚಾಂಗ ತೆಗೆದು "ತಲೆಯ ಮೇಲೆ ಬಿದ್ದರೆ ಮೃತ್ಯುಭಯ" ಎಂದು ಓದಿದರಂತೆ. ಬಾಂಬಿಗೆ ಹೆದರಿ ಇನ್ನೂರು ಮೈಲಿ ಬಂದವರು, ತಲೆಗೆ ಸ್ನಾನ ಮಾಡಿ ಮಧ್ಯಾಹ್ನದ ಬಸ್ಸಿಗೇ ಕೃಷ್ಣಗಿರಿಗೆ ಹೊರಟುಹೋದರು. ಸುದ್ದಿ ತಿಳಿದ ಮೇಲೆ ಆ ಮನೆಯನ್ನು ಕೇಳುವವರೇ ಇಲ್ಲದೆ, ಅಂಬುಜಮ್ಮನವರು ಖುದ್ದಾಗಿ ಛತ್ರಕ್ಕೆ ಬಂದು ನನ್ನ ಹಳೆಯ ಬಾಡಿಗೆಗೇ ಬೀಗದ ಕೈ ಕೊಟ್ಟರು. ಈ ಸಲ ತಮ್ಮನ್ನು ಅವರು ಕೇಳಲಿಲ್ಲ. ಜಲಜಮ್ಮ ಪರದೆಯ ಸೀರೆಯನ್ನು ಬಿಚ್ಚಿ, ಒಗೆದು, ಈಗ ಅದನ್ನೇ ಉಟ್ಟುಕೊಂಡು ತಮ್ಮ ತೊಲೆಯ ಕೆಳಗೆ ಅಕ್ಕಿ ಆರಿಸುತ್ತಿದ್ದಾಳೆ. ನನಗೆ ತುಂಬ ಸಂತೋಷವಾಗಿದೆ.

ಒಂದು ಗುಟ್ಟು ಮಾತ್ರ ನಮ್ಮಿಬ್ಬರಲ್ಲೇ ಇರಲಿ. ನಾನು ಮೊದಲ ಸಲ ಬಂದ ದಿನ, ಅಂಬುಜಮ್ಮನವರು ಕಣ್ಣು ಮುಚ್ಚಿದ್ದಾಗ, ತಾವು ನನ್ನ ತಲೆಯ ಮೇಲೂ ಬಿದ್ದಿರಿ. ಪೇಟವಿದ್ದುದರಿಂದ ಸದ್ದಾಗಲಿಲ್ಲ. ಪೇಟದ ಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲಿ ಹುಡುಕಿದೆ, ಬರೆದಿಲ್ಲ. "ಗೃಹಲಾಭ" ಎಂದು ನಾನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಇಷ್ಟು ದಿನ ತಮ್ಮ ಮೌನವನ್ನು ದೂರಿದವನು ನಾನೇ. ದಯವಿಟ್ಟು ಇನ್ನು ಮುಂದೆ ಅದನ್ನೇ ಪಾಲಿಸಿ.