ಹೆದರಿಕೆಗೆ ಐದು ಚೌಕ

ನನಗೆ ಕೋಪ ಬೇಗ ಬರುತ್ತದೆ ಎಂದು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಮೊದಲು ಹೀಗಿರಲಿಲ್ಲ. ಇಪ್ಪತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಇರಬೇಕಾದಷ್ಟು ತಾಳ್ಮೆ ನನಗೂ ಇತ್ತು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್, ಅಷ್ಟೇ, ಎಂದು ವರ್ಷವರ್ಷವೂ ಬರೆಯುವವರನ್ನು ಸಹಿಸಿಕೊಂಡವಳು ನಾನು. ಈ ಕೋಪ ಬಂದದ್ದು ಕ್ಷಯ ಹೋದ ಮೇಲೆ. ಕ್ಷಯಕ್ಕೆ ಆರು ತಿಂಗಳ ಮಾತ್ರೆ ಇದೆ, ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಕೋಪಕ್ಕೆ ಮಾತ್ರ ಯಾವ ಆಸ್ಪತ್ರೆಯಲ್ಲೂ ಚೀಟಿ ಬರೆದುಕೊಡುವುದಿಲ್ಲ.

ನಮ್ಮ ಜನರಲ್ಲಿ ಕಾಯಿಲೆಗಳಿಗೂ ಮೇಲುಕೀಳಿದೆ. ಸಕ್ಕರೆ ಕಾಯಿಲೆ ಬಂದವರು ಮದುವೆ ಮನೆಯಲ್ಲಿ ಜಾಮೂನು ಬೇಡ ಎನ್ನುತ್ತಲೇ ತಮ್ಮ ಶುಗರ್ ಎಷ್ಟಿದೆ ಎಂದು ಅಕ್ಕಪಕ್ಕದ ಎಲೆಯವರಿಗೆಲ್ಲ ಹೇಳುತ್ತಾರೆ. ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡವರು ಆಸ್ತಿ ಮಾಡಿಕೊಂಡವರಂತೆ ಮಾತಾಡುತ್ತಾರೆ. ಕ್ಷಯ ಬಂದವರು ಮಾತ್ರ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಬೇಕು. ನನ್ನನ್ನು ನೋಡಲೂ ನೆಂಟರು ಮೂಸಂಬಿ ತಂದರು, ಇಲ್ಲವೆನ್ನಲಾರೆ. ಗೇಟಿಗೆ ಚೀಲ ತಗುಲಿಹಾಕಿ, ಬೀದಿಯ ತುದಿಗೆ ಹೋಗಿ ಅಲ್ಲಿಂದ ಫೋನು ಮಾಡಿ, ಹಣ್ಣಿಟ್ಟಿದ್ದೀವಿ ತಗೊಳ್ಳಿ ಎಂದರು. ನಮ್ಮ ಅತ್ತೆಯವರಂತೂ ಆ ಕಾಯಿಲೆಯ ಹೆಸರನ್ನು ಮನೆಯೊಳಗೆ ಬಿಟ್ಟುಕೊಳ್ಳಲೇ ಇಲ್ಲ. ಕೇಳಿದವರಿಗೆಲ್ಲ ಕಫ ಎಂದು ಹೇಳಿದರು. ನನ್ನ ಗಂಡ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. ಅವರೊಬ್ಬರು ದಿನವೂ ಬೆಳಿಗ್ಗೆ ಮಾತ್ರೆಯನ್ನೂ ನೀರನ್ನೂ ತಂದು ಮುಂದೆ ಹಿಡಿದು, ನಾನು ನುಂಗುವವರೆಗೆ ನಿಂತಿರುತ್ತಿದ್ದರು. ಆರು ತಿಂಗಳಾದ ಮೇಲೆ ಡಾಕ್ಟರು ವಾಸಿಯಾಗಿದೆ ಎಂದು ಬರೆದುಕೊಟ್ಟರು. ಮುಗಿಯಿತು ಎಂದುಕೊಂಡೆ. ಗಣಿತದವಳಲ್ಲವೇ, ಉತ್ತರ ಬಂದ ಮೇಲೆ ಲೆಕ್ಕ ಮುಗಿಯಿತು ಎಂದೇ ನನ್ನ ನಂಬಿಕೆ.

ನಾನಿರುವುದು ರಾಮನಗರದಲ್ಲಿ. ಶಾಲೆ ಚನ್ನಪಟ್ಟಣದ ಹತ್ತಿರ ಒಂದು ಹಳ್ಳಿಯಲ್ಲಿ. ರೈಲಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿಯುತ್ತೇನೆ. ಕೆಲಸಕ್ಕೆ ಮರಳಿ ಒಂದು ವರ್ಷ ಏನೂ ತೊಂದರೆಯಾಗಲಿಲ್ಲ. ಈ ಜನವರಿಯಲ್ಲಿ ಒಂದು ದಿನ, ಬಿಸಿಯೂಟದ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದು, ಘಾಟು ನೇರವಾಗಿ ಸ್ಟಾಫ್ ರೂಮಿಗೆ ನುಗ್ಗಿತು. ಹತ್ತು ಜನ ಮೇಷ್ಟರೂ ಕೆಮ್ಮಿದರು. ಹೆಡ್‌ಮಾಸ್ಟರ್ ಚೌಡಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ವಿಜ್ಞಾನದ ಪುಟ್ಟಸ್ವಾಮಿಯವರು ಕೆಮ್ಮುತ್ತಲೇ ಹೊರಗೆ ಓಡಿದರು. ಹನ್ನೊಂದನೆಯವಳಾಗಿ ನಾನೂ ಕೆಮ್ಮಿದೆ. ಅಷ್ಟೂ ಕೆಮ್ಮಿನಲ್ಲಿ ಲೆಕ್ಕಕ್ಕೆ ಬಂದದ್ದು ನನ್ನದೊಂದೇ. ಘಾಟು ಇಳಿಯುವಷ್ಟರಲ್ಲಿ ಪಕ್ಕದ ಎರಡು ಕುರ್ಚಿ ಗೋಡೆ ಸೇರಿದ್ದವು. ರೋಗಾಣುಗಳ ಪಾಠವನ್ನು ವರ್ಷಕ್ಕೊಂದು ಸಲ ಬೋರ್ಡಿನ ತುಂಬ ಚಿತ್ರ ಬರೆದು ಕಲಿಸುವ ಪುಟ್ಟಸ್ವಾಮಿಯವರು ವಾಪಸು ಬಂದು ಕಿಟಕಿಗಳನ್ನೆಲ್ಲ ತೆಗೆದರು, ನನ್ನ ಕಡೆ ನೋಡದೆ.

ಮಾರನೆಯ ದಿನ ಹೆಡ್‌ಮಾಸ್ಟರ್ ಕರೆಸಿದರು. ಬಾಗಿಲ ಹತ್ತಿರವೇ ನಿಲ್ಲುವಂತೆ ಕೈಯಲ್ಲಿ ತೋರಿಸಿ, ಬಹಳ ನಯವಾಗಿ ಮಾತಾಡಿದರು.

“ನಂಗೇನಿಲ್ಲ ಮೇಡಂ. ಪೇರೆಂಟ್ಸು ಕೇಳ್ತಾರೆ. ಒಸಿ ಟೆಸ್ಟ್ ಮಾಡುಸ್ಕೊಂಡು ಬಂದ್ಬುಡಿ. ಅಲ್ಲೀಗಂಟ ಟೆಂತ್‌ನ ಪುಟ್ಟಸ್ವಾಮಿ ತಗೋತಾರೆ.”

ಒಣಮೆಣಸಿನಕಾಯಿಗೂ ಕ್ಷಯಕ್ಕೂ ವ್ಯತ್ಯಾಸ ಗೊತ್ತಿರುವ ಮನುಷ್ಯ ಅವರು. ಆದರೂ ನಾನು ಹೋಗಿ ಕಫ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಎಂಬ ರಿಪೋರ್ಟು ತಂದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎತ್ತಿ ಹಿಡಿಯಿರಿ ಎಂದು ಹೇಳಿ, ಮೇಜಿನ ಆ ಕಡೆಯಿಂದಲೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರು. ಸ್ಲೇಟು ಹಿಡಿದ ಕೈದಿಯ ಹಾಗೆ ನಾನು ನಿಂತಿದ್ದೆ. ಇಷ್ಟಾದರೂ ಹತ್ತನೆಯ ತರಗತಿ ವಾಪಸು ಸಿಗಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಈಗ ಬದಲಾಯಿಸಿದರೆ ಮಕ್ಕಳಿಗೆ ಗೊಂದಲ ಎಂದರು. ನನಗೆ ಎಂಟನೆಯ ತರಗತಿ ಕೊಟ್ಟರು. ಎಂಟನೆಯ ತರಗತಿಯ ಮಕ್ಕಳಿಗೆ ಶ್ವಾಸಕೋಶ ಇರುವುದಿಲ್ಲವೇನೋ.

ನಾನು ಹೀಗೆ ಕುದಿಯುತ್ತಿದ್ದ ಒಂದು ಭಾನುವಾರ ಸಮೀನಾ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ನರ್ಸಿಂಗ್ ಓದುತ್ತಿದ್ದಾಳೆ. ತಂದೆ ನಮ್ಮ ಊರಿನಲ್ಲೇ ರೇಷ್ಮೆ ನೂಲು ತೆಗೆಯುವವರು. ಕ್ಷಯ ವಾಸಿಯಾದವರಿಗೆ ಮತ್ತೆ ಬಂದೀತೆಂಬ ಹೆದರಿಕೆ ಎಷ್ಟಿದೆ, ಸುತ್ತಲಿನವರು ಅವರನ್ನು ಎಷ್ಟು ದೂರ ಇಟ್ಟಿದ್ದಾರೆ ಎಂದು ಅಳೆಯುವುದು ಅವಳ ಓದಿನ ಕೆಲಸವಂತೆ. ಪ್ರತಿ ಪ್ರಶ್ನೆಯ ಮುಂದೆ ಐದು ಚೌಕ. ಮೊದಲನೆಯದು ‘ಸ್ವಲ್ಪವೂ ಇಲ್ಲ’, ಕೊನೆಯದು ‘ವಿಪರೀತ’. ಅವಳು ಮೊದಲ ಪ್ರಶ್ನೆ ಓದುವುದಕ್ಕೆ ಮುಂಚೆಯೇ ಅತ್ತೆ ಅಡುಗೆಮನೆಯಿಂದ ಬಂದು, ಇವಳಿಗೆ ಬಂದದ್ದು ಕಫ, ಅದಕ್ಕೆ ಚೌಕ ಇದೆಯೇ ಎಂದು ಕೇಳಿದರು. ಸಮೀನಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಲ್ಲ ಅಜ್ಜಿ ಎಂದಳು, ನಿಜಕ್ಕೂ ಬೇಸರದಿಂದ.

ನನ್ನ ಉತ್ತರಗಳನ್ನು ಬರೆದುಕೊಂಡ ಮೇಲೆ ಅವಳು ಚೀಲದಿಂದ ಇನ್ನೊಂದು ಬಗೆಯ ಹಾಳೆ ತೆಗೆದಳು. ಅದು ಸುತ್ತಲಿನವರು ತುಂಬಬೇಕಾದದ್ದು. ಹೆಸರು ಬರೆಯಬೇಕಾಗಿಲ್ಲ. ಆದರೆ ಯಾರೂ ತುಂಬಿಕೊಡುತ್ತಿಲ್ಲ ಮೇಡಂ, ಹಾಳೆ ಖಾಲಿಯೇ ಉಳಿದಿವೆ ಎಂದಳು. ಹತ್ತು ಹಾಳೆ ಕೊಡು ಎಂದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರೂ ಸೇರಿ ಹತ್ತು ಜನಕ್ಕೂ ಹಂಚಿದೆ. ಆರೋಗ್ಯ ಇಲಾಖೆಯದು ಎಂದು ನಾನು ಹೇಳಲಿಲ್ಲ. ಅವರೇ ಹಾಗೆಂದುಕೊಂಡರೆ ನಾನು ತಿದ್ದಲೂ ಇಲ್ಲ. ಸಂಜೆಯೊಳಗೆ ಹತ್ತೂ ಹಾಳೆ ನನ್ನ ಮೇಜಿನ ಮೇಲಿದ್ದವು. ರೈಲಿನಲ್ಲಿ ಕುಳಿತು ಒಂದೊಂದೇ ನೋಡಿದೆ. ವಾಸಿಯಾದವರ ಪಕ್ಕದಲ್ಲಿ ಕೂರಲು ಹೆದರಿಕೆಯೇ? ಸ್ವಲ್ಪವೂ ಇಲ್ಲ. ಅವರೊಡನೆ ಊಟ ಮಾಡಲು? ಸ್ವಲ್ಪವೂ ಇಲ್ಲ. ಅವರು ನಿಮ್ಮ ಮಕ್ಕಳಿಗೆ ಪಾಠ ಮಾಡಿದರೆ? ಸ್ವಲ್ಪವೂ ಇಲ್ಲ. ಒಂಬತ್ತು ಹಾಳೆ ಹೀಗೇ, ಒಬ್ಬರದನ್ನೊಬ್ಬರು ನೋಡಿ ಬರೆದ ಹಾಗೆ. ಹತ್ತನೆಯ ಹಾಳೆಯಲ್ಲಿ ಮಾತ್ರ ಎಲ್ಲ ಪ್ರಶ್ನೆಗೂ ಕೊನೆಯ ಚೌಕದಲ್ಲೇ ಗುರುತು. ವಿಪರೀತ, ವಿಪರೀತ, ವಿಪರೀತ. ಅದು ಹೆಡ್‌ಮಾಸ್ಟರದೇ ಎಂದು ಅಲ್ಲೇ ತೀರ್ಮಾನಿಸಿದೆ. ನನಗೆ ಸಿಟ್ಟು ಬಂದದ್ದು ಆ ಒಂದರ ಮೇಲಲ್ಲ, ಉಳಿದ ಒಂಬತ್ತರ ಮೇಲೆ. ಹೆದರಿ ಕುರ್ಚಿ ಸರಿಸಿಕೊಂಡವರನ್ನು ಕ್ಷಮಿಸಬಹುದು. ಕುರ್ಚಿಯನ್ನೂ ಸರಿಸಿಕೊಂಡು ದೊಡ್ಡ ಮನಸ್ಸಿನ ಮಾರ್ಕನ್ನೂ ತಾವೇ ಹಾಕಿಕೊಂಡರೆ ಹೇಗೆ ಕ್ಷಮಿಸುವುದು?

ಮರುದಿನ ದೊಡ್ಡ ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟು ತೆಗೆದುಕೊಂಡು ಹೋದೆ. ಊಟದ ಬೆಲ್ಲು ಹೊಡೆದಾಗ ಎದ್ದು ನಿಂತೆ.

“ನನ್ನ ಜೊತೆ ಊಟ ಮಾಡೋಕೆ ಏನೂ ಅಭ್ಯಂತರ ಇಲ್ಲ ಅಂತ ಒಂಬತ್ತು ಜನ ಬರೆದುಕೊಟ್ಟಿದ್ದೀರಿ. ಉಪ್ಪಿಟ್ಟು ತಂದಿದ್ದೀನಿ, ಎಲ್ಲರಿಗೂ ಆಗುತ್ತೆ. ಬನ್ನಿ.”

ಒಬ್ಬರಿಗೆ ಅಂದು ಒಪ್ಪೊತ್ತು ಎಂದು ನೆನಪಾಯಿತು. ಇನ್ನೊಬ್ಬರಿಗೆ ಅವರೆಕಾಳು ಗ್ಯಾಸು. ಪುಟ್ಟಸ್ವಾಮಿಯವರಿಗೆ ಹತ್ತನೆಯ ತರಗತಿಯ ಸ್ಪೆಷಲ್ ಕ್ಲಾಸು. ಹೆಡ್‌ಮಾಸ್ಟರು ರಿಂಗೇ ಆಗದ ಫೋನನ್ನು ಕಿವಿಗಿಟ್ಟುಕೊಂಡು ವರಾಂಡಕ್ಕೆ ನಡೆದರು. ಉಳಿದವರು ತಮ್ಮ ತಮ್ಮ ಡಬ್ಬಿಯೊಳಗೆ ಏನೋ ಕಳೆದುಹೋದ ಹಾಗೆ ಹುಡುಕತೊಡಗಿದರು. ಅಷ್ಟು ಹೊತ್ತಿಗೆ ಮೈದಾನದಿಂದ ಪಿ.ಟಿ. ಮೇಷ್ಟರು ಶಿವಲಿಂಗಯ್ಯ ಬಂದರು. ಕೊರಳಲ್ಲಿದ್ದ ಸೀಟಿ ತೆಗೆದು ಮೊಳೆಗೆ ಹಾಕಿ, ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ತಮ್ಮ ಡಬ್ಬಿಯ ಮುಚ್ಚಳ ಮುಂದೆ ಚಾಚಿದರು. ಬಡಿಸಿದೆ. ತಿಂದರು. ಆ ಒಂಬತ್ತರಲ್ಲಿ ಒಬ್ಬರಾದರೂ ನಿಜ ಬರೆದಿದ್ದಾರಲ್ಲ ಎಂದೆ, ಎಲ್ಲರಿಗೂ ಕೇಳುವ ಹಾಗೆ.

“ಆ ಒಂಬತ್ರಲ್ಲಿ ನಾನಿಲ್ಲ ಮೇಡಂ,” ಎಂದರು ಶಿವಲಿಂಗಯ್ಯ. “ಎಲ್ಲಾದುಕ್ಕೂ ಕೊನೇ ಚೌಕಕ್ಕೆ ಗುರುತಾಕಿದೋನು ನಾನೇಯ.”

ಅವರು ತಲೆ ಎತ್ತದೆ, ತಿನ್ನುತ್ತಲೇ ಹೇಳಿದರು. ಅವರ ಊರು ತಿಪ್ಪಸಂದ್ರದ ಕಡೆ. ಚಿಕ್ಕಂದಿನಲ್ಲಿ ಅವರ ಅಣ್ಣನಿಗೆ ಇದೇ ಕಾಯಿಲೆ ಬಂದಿತ್ತಂತೆ.

“ಅವ್ನ ತಟ್ಟೇನ ನಾನೇ ತಕ್ಕೊಂಡೋಗಿ ಕೊಟ್ಟಿಗೇಲಿ ಮಡುಗ್ದೆ. ಒಂದು ಮಾತು ಆಡ್ಲಿಲ್ಲ, ಅಲ್ಲೇ ಉಂಡ. ಈಗ ಗಟ್ಟಿಮುಟ್ಟಾಗವ್ನೆ. ಆದ್ರೆ ನಮ್ಮನೇಗೆ ಬಂದ್ರೆ ಇವತ್ಗೂ ಜಗಲೀಲೇ ಕುಂತ್ಕಂಡು ಉಣ್ತಾನೆ. ಒಳೀಕೆ ಬಾ ಅಂದ್ರೆ ಬರಾಕಿಲ್ಲ.”

ಮುಚ್ಚಳವನ್ನು ಮತ್ತೆ ಮುಂದೆ ಚಾಚಿದರು. “ಹೆದ್ರಿಕೆ ಐತೆ ಮೇಡಂ. ಹಂಗಂತ ಉಣ್ದೆ ಇರಕ್ಕಾಯ್ತದಾ. ಇನ್ನೊಂಚೂರು ಹಾಕಿ.”

ನಾನು ಹಾಕಿದೆ. ಹೇಳಬೇಕೆಂದು ಬೆಳಿಗ್ಗೆಯಿಂದ ರೈಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಳ್ಳೊಳ್ಳೆಯ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಹತ್ತನೆಯ ತರಗತಿ ವಾರದೊಳಗೆ ವಾಪಸು ಬಂತು. ಯಾರ ಮನಸ್ಸೂ ಕರಗಿದ್ದರಿಂದಲ್ಲ. ಪುಟ್ಟಸ್ವಾಮಿಯವರು ತ್ರಿಕೋನಮಿತಿಯ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮೂರು ಸಲ ಮಾಡಿ, ಒಂದೇ ತೆಂಗಿನಮರಕ್ಕೆ ಮೂರು ಎತ್ತರ ತೆಗೆದರಂತೆ. ತರಗತಿಯ ಹೆಣ್ಣುಮಕ್ಕಳೆಲ್ಲ ಹೆಡ್‌ಮಾಸ್ಟರ ಮುಂದೆ ಸಾಲಾಗಿ ನಿಂತು, ನಮಗೆ ಹಳೇ ಮೇಡಮ್ಮೇ ಬೇಕು ಎಂದರು. ಅದು ನನ್ನ ಮೇಲಿನ ಪ್ರೀತಿ ಎಂದು ನಾನು ಭಾವಿಸಿಕೊಂಡಿಲ್ಲ. ಕ್ಷಯಕ್ಕಿಂತ ತ್ರಿಕೋನಮಿತಿಗೆ ಹೆಚ್ಚು ಹೆದರುವ ಮಕ್ಕಳು ಅವರು. ಹೆಡ್‌ಮಾಸ್ಟರು ಮತ್ತೆ ನಯವಾಗಿ, ನಂಗೇನಿಲ್ಲ ಮೇಡಂ, ಪೇರೆಂಟ್ಸು ಕೇಳ್ತಾರೆ ಎಂದೇ ತರಗತಿ ಒಪ್ಪಿಸಿದರು.

ಆ ಸಂಜೆ ಗೆದ್ದವಳ ಗತ್ತಿನಲ್ಲಿ ಚನ್ನಪಟ್ಟಣದಲ್ಲಿ ರೈಲು ಹತ್ತಿದೆ. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಎದುರಿಗೆ ಸೊಪ್ಪು ಮಾರಿ ಬಂದ ಹೆಂಗಸೊಬ್ಬಳು, ಖಾಲಿ ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದಳು. ರೈಲು ಹೊರಟ ಮೇಲೆ ಕೆಮ್ಮಿದಳು. ಒಗ್ಗರಣೆಯ ಕೆಮ್ಮಲ್ಲ, ಎದೆಯ ಆಳದಿಂದ ಬಂದದ್ದು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮತ್ತೆ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತು. ಯಾವ ಆಸ್ಪತ್ರೆಗೆ ಹೋಗಬೇಕು, ಯಾರನ್ನು ಕೇಳಬೇಕು, ಮಾತ್ರೆ ಪುಕ್ಕಟೆ, ವಾಸಿಯಾಗುತ್ತದೆ ಎಂದು ಹೇಳಲು ಆ ಬೋಗಿಯಲ್ಲಿ ನನಗಿಂತ ತಕ್ಕವರು ಇನ್ನೊಬ್ಬರಿರಲಿಲ್ಲ. ನಾನು ಎದ್ದೆ. ಕೂತ್ಕಳವ್ವ ಎಂದಳು. ಒಳಗೆ ಸೆಕೆ, ಗಾಳಿಗೆ ನಿಂತ್ಕೋತೀನಿ ಎಂದು ಹೇಳಿ ಬಾಗಿಲ ಹತ್ತಿರ ಹೋಗಿ ನಿಂತೆ. ಮೂಗಿಗೆ ಸೆರಗು ಯಾವಾಗ ಬಂತೋ ತಿಳಿಯದು. ಕಾಯಿಲೆ ಮತ್ತೆ ಬಂದೀತೆಂಬ ಹೆದರಿಕೆ ನಿಮಗಿದೆಯೇ ಎಂಬುದು ಸಮೀನಾಳ ಮೊದಲನೆಯ ಪ್ರಶ್ನೆಯಾಗಿತ್ತು. ಸ್ವಲ್ಪವೂ ಇಲ್ಲ, ಹಾಕಮ್ಮ ಗುರುತು ಎಂದು ಗಟ್ಟಿಯಾಗಿ ಹೇಳಿದ್ದೆ, ಒಳಗಿದ್ದ ಅತ್ತೆಗೂ ಕೇಳುವಂತೆ.

ತಿರುಗಿ ನೋಡಿದೆ. ಯಾರೋ ಒಬ್ಬರು ನನ್ನ ಜಾಗದಲ್ಲಿ ಕೂರಲು ಬಂದಿದ್ದರು. ಆ ಹೆಂಗಸು ಸೀಟಿನ ಮೇಲೆ ಅಂಗೈ ಊರಿ, ಬಾಗಿಲ ಕಡೆ ನನ್ನನ್ನು ತೋರಿಸಿ ಹೇಳುತ್ತಿದ್ದಳು: “ಜನ ಅವ್ರೆ ಇಲ್ಲಿ. ಆಯಮ್ಮ ಈಗ ಬತ್ತಾರೆ.”

ಇಡೀ ವಾರ ಯಾರ ಯಾರ ಮೇಲೋ ಉರಿದುಬಿದ್ದ ನಾನು, ರಾಮನಗರ ಬರುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಅವಳೂ ಅಲ್ಲಿಯವರೆಗೆ ಸೀಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.