ಭಾರ ಎತ್ತುವ ಶೂ

ಅಳತೆ ಮತ್ತು ತೂಕ ಇಲಾಖೆಯಲ್ಲಿ ಭಾರ ಎತ್ತುವ ಆಟಗಾರರ ಹುದ್ದೆಯೊಂದು ಇರತಕ್ಕದ್ದು, ಅದನ್ನು ಇಲಾಖೆಯ ಗೌರವಕ್ಕೆ ಕುಂದು ಬಾರದಂತೆ ಭರ್ತಿ ಮಾಡತಕ್ಕದ್ದು ಎಂದು ನಿಯಮವಿದೆ. ಅಂಗಡಿಗಳ ತಕ್ಕಡಿ ಸರಿಯಿದೆಯೇ, ತೂಕದ ಕಲ್ಲು ಸವೆದಿದೆಯೇ ಎಂದು ನೋಡಿ ಮುದ್ರೆ ಒತ್ತುವುದು ಈ ಇಲಾಖೆಯ ಕೆಲಸ. ನೋಡದೆ ಒತ್ತುವುದೂ ಉಂಟು, ಅದಕ್ಕೆ ಬೇರೆ ದರ. ತೂಕವನ್ನೇ ನಂಬಿ ಬದುಕುವ ಇಲಾಖೆಯೊಂದು ಇಲಾಖೆಗಳ ನಡುವಿನ ಕ್ರೀಡಾಕೂಟದಲ್ಲಿ ತೂಕ ಎತ್ತಲಾರದೆ ಪ್ರತಿವರ್ಷ ಅಗ್ನಿಶಾಮಕ ಇಲಾಖೆಯವರ ಎದುರು ತಲೆ ತಗ್ಗಿಸಿ ಬರುವುದು ಚೆನ್ನಾಗಿರುವುದಿಲ್ಲ ಎಂದು ಹಿಂದಿನ ನಿರ್ದೇಶಕರೊಬ್ಬರಿಗೆ ಅನ್ನಿಸಿತ್ತು. ಅವರು ನಿವೃತ್ತರಾದರು, ಹುದ್ದೆ ಉಳಿಯಿತು.

ಆ ಹುದ್ದೆಯಲ್ಲಿದ್ದವಳನ್ನು ಕಚೇರಿಯಲ್ಲಿ ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಹಗಲು ಟಪಾಲು ವಿಭಾಗದಲ್ಲಿ ಕೂತು ಬಂದ ಕಾಗದಗಳಿಗೆಲ್ಲ ನಂಬರು ಹಾಕುವುದು, ಸಂಜೆ ಹಿಂಬದಿಯ ಶೆಡ್ಡಿನಲ್ಲಿ ಕಬ್ಬಿಣ ಎತ್ತುವುದು ಅವಳ ದಿನಚರಿ. ಹುದ್ದೆ ತಾತ್ಕಾಲಿಕ. ಈ ವರ್ಷದ ಕೂಟದಲ್ಲಿ ಪದಕ ಬಂದರೆ ಖಾಯಂ, ಬಾರದಿದ್ದರೆ ಮನೆಗೆ ಎಂದು ಆದೇಶದಲ್ಲೇ ಇತ್ತು. ಗಂಡ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದ. ಕಾರುಗಳು ಕವರು ತೊಟ್ಟುಕೊಂಡೇ ಕಾರ್ಖಾನೆಯಿಂದ ಇಳಿಯತೊಡಗಿದ ಮೇಲೆ ಅವನು ಹೊಲಿಗೆ ಮಿಷನ್ನಿನ ಮುಂದೆ ಸುಮ್ಮನೆ ಕೂರುತ್ತಿದ್ದ. ಮನೆಯ ಭಾರವೂ ಇವಳ ಹೆಗಲಿಗೇ ಬಂದಿತ್ತು, ಆದರೆ ಆ ಭಾರಕ್ಕೆ ಕ್ರೀಡಾಕೂಟದಲ್ಲಿ ವಿಭಾಗವಿರಲಿಲ್ಲ.

ತೊಂದರೆಯಿದ್ದದ್ದು ಶೂವಿನಲ್ಲಿ. ಇಲಾಖೆ ಕೊಟ್ಟಿದ್ದು ಸರ್ವೋಪಯೋಗಿ ಶೂ. ಓಡುವುದಕ್ಕೂ ಅದೇ, ಹಾರುವುದಕ್ಕೂ ಅದೇ, ಜಿಮ್ಮಿನಲ್ಲಿ ಕನ್ನಡಿ ನೋಡುತ್ತ ನಿಲ್ಲುವುದಕ್ಕೂ ಅದೇ. ಅಡಿ ಭಾಗ ಮೆತ್ತಗೆ. ಬಾರ್, ಅಂದರೆ ಭಾರದ ಸರಳು, ತಲೆಯ ಮೇಲೆ ಹೋಗುವ ಹೊತ್ತಿಗೆ ಆ ಮೆತ್ತೆ ಒಂದು ಕಡೆ ಕುಸಿದು ಪಾದ ಹೊರಳುತ್ತಿತ್ತು. ಹೋದ ವರ್ಷ ಹಾಗೇ ಹೊರಳಿ ಬಾರ್ ಹಿಂದಕ್ಕೆ ಬಿತ್ತು, ತೂಕದಕ್ಕ ಮುಂದಕ್ಕೆ ಕೂತಳು, ಅಗ್ನಿಶಾಮಕದವರು ಧಾರಾಳವಾಗಿ ಚಪ್ಪಾಳೆ ತಟ್ಟಿದರು.

ಅವಳಿಗೆ ಭಾರ ಎತ್ತುವುದನ್ನು ಕಲಿಸಿದವನು ಸೋದರಮಾವ. ತನ್ನ ಕಾಲದಲ್ಲಿ ಒಳ್ಳೆಯ ಪಟು, ಈಗ ಮಂಡಿ ನೋವು.

"ಹಾಸಿಗೆ ಮೇಲೆ ನಿಂತು ಬೀರು ಎತ್ತಿದ ಹಾಗಾಯ್ತು ನಿಂದು," ಎಂದ ಮಾವ. "ಅಡಿ ಗಟ್ಟಿ ಇರ್ಬೇಕು ಮಗಳೇ, ಹಿಮ್ಮಡಿ ಚೂರು ಎತ್ತರ ಇರ್ಬೇಕು. ಆಗ ಕೂತರೂ ಬೆನ್ನು ನೆಟ್ಟಗಿರುತ್ತೆ. ಅದಕ್ಕೆ ಅಂತಲೇ ಬೇರೆ ಶೂ ಬರುತ್ತೆ. ಇಲಾಖೇನ ಕೇಳು, ಕೊಡ್ತಾರೆ."

ಮಾವ ಯಾವತ್ತೂ ಸರ್ಕಾರಿ ಕೆಲಸದಲ್ಲಿ ಇದ್ದವನಲ್ಲ. ಸಾಲಸೋಲ ಮಾಡಿ ತಾನೇ ಕೊಂಡುಬಿಡೋಣವೆಂದರೆ ಅದಕ್ಕೂ ನಿಯಮ ಅಡ್ಡ ಬರುತ್ತಿತ್ತು. ಸ್ವಂತ ಶೂ ತೊಟ್ಟು ಎತ್ತಿದ ಭಾರವು ಸ್ವಂತದ್ದಾಗುತ್ತದೆಯೇ ಹೊರತು ಇಲಾಖೆಯದಾಗುವುದಿಲ್ಲ ಎಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಾಗಿತ್ತು. ಹಾಗಾಗಿ ತೂಕದಕ್ಕ ಅರ್ಜಿ ಬರೆದಳು. "ನನಗೆ ಭಾರ ಎತ್ತುವ ಶೂ ಒಂದು ಜೊತೆ ಮಂಜೂರು ಮಾಡಬೇಕಾಗಿ ವಿನಂತಿ." ಬರೆದು, ತಾನೇ ನಂಬರು ಹಾಕಿ, ಉಗ್ರಾಣದ ಸೂಪರಿಂಟೆಂಡೆಂಟರ ಟೇಬಲ್ಲಿಗೆ ಕಳಿಸಿದಳು.

ಸೂಪರಿಂಟೆಂಡೆಂಟರು ಕಾಗದವನ್ನು ಅಕ್ಷರಕ್ಕೆ ಅಕ್ಷರ ಓದುವ ಮನುಷ್ಯ. ಉಗ್ರಾಣದ ಎರಡು ಕೋಣೆ ತುಂಬ ಸರ್ವೋಪಯೋಗಿ ಶೂಗಳಿದ್ದವು. ಇಲಾಖೆಯ ಪ್ರತಿ ನೌಕರನೂ ನಿವೃತ್ತಿಯ ತನಕ ದಿನವಿಡೀ ಓಡಿದರೂ ಸವೆಯಲಾರದಷ್ಟು. ಅವನ್ನು ಸರಬರಾಜು ಮಾಡಿದ್ದು ಅವರ ಬಾಮೈದನ ಅಂಗಡಿ. ಇಷ್ಟೆಲ್ಲ ಇರುವಾಗ ಇನ್ನೊಂದು ಬಗೆಯ ಶೂ ಕೇಳುವುದು ಅವರಿಗೆ ಊಟಕ್ಕೆ ಕರೆದವರ ಮನೆಯಲ್ಲಿ ಹೋಟೆಲಿನ ದಾರಿ ಕೇಳಿದ ಹಾಗೆ ಕಂಡಿತು. ಅವಳನ್ನು ಕರೆಸಿದರು.

"ಭಾರ ಎತ್ತುವ ಶೂ ಅಂತ ಬರೆದಿದ್ದೀಯಲ್ಲಮ್ಮ, ಭಾರ ಎತ್ತೋದು ಯಾರು?"

"ನಾನು ಸರ್."

"ಇಲ್ಲಿ ಶೂ ಅಂತಿದೆ."

"ಹಾಗಲ್ಲ ಸರ್. ಭಾರ ಎತ್ತುವಾಗ ಹಾಕ್ಕೊಳ್ಳೋ ಶೂ."

"ಹಾಗಂತ ಬರೆದಿಲ್ಲವಲ್ಲ. ಹಾಡುವ ಹಕ್ಕಿ ಅಂದ್ರೆ ಹಾಡೋದು ಹಕ್ಕಿ. ಓಡುವ ಕುದುರೆ ಅಂದ್ರೆ ಓಡೋದು ಕುದುರೆ. ಭಾರ ಎತ್ತುವ ಶೂ ಅಂದ್ರೆ?"

ತೂಕದಕ್ಕನಿಗೆ ನಗು ಬಂತು. "ಹಾಗಾದ್ರೆ ಮಲಗುವ ಕೋಣೆ ಅಂದ್ರೆ ಸರ್?"

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅದು ವಸತಿ ಇಲಾಖೆಗೆ ಬರುತ್ತೆ," ಎಂದರು.

ಅವಳು ಅರ್ಜಿ ತಿದ್ದಿ ಕೊಡುತ್ತೇನೆಂದಳು. ನಂಬರು ಬಿದ್ದ ಕಾಗದ ತಿದ್ದುವ ಹಾಗಿಲ್ಲ ಎಂದು ಅವರು ನೆನಪಿಸಿದರು. ನಂಬರು ಹಾಕಿದ ಕೈ ಅವಳದೇ ಆದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ. ಅರ್ಜಿಯ ಮೇಲೆ ಅವರು ಹೀಗೆ ಷರಾ ಬರೆದರು: "ಶೂ ತಾನೇ ಭಾರ ಎತ್ತುವುದಾದಲ್ಲಿ ಸದರಿ ಆಟಗಾರ್ತಿಯ ಅಗತ್ಯವೇನು ಎಂಬುದನ್ನೂ ಪರಿಶೀಲಿಸಬಹುದು." ನಿರ್ದೇಶಕರು ಅದರ ಕೆಳಗೆ "ಪರಿಶೀಲಿಸಿ" ಎಂದು ಬರೆದು ಸಹಿ ಮಾಡಿದರು. ನಿರ್ದೇಶಕರು ಸಾಧು ಸ್ವಭಾವದವರು, ಮೇಲೆ ಬರೆದದ್ದನ್ನು ಓದಿ ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ. ಕಾಗದ ಮತ್ತೆ ಟಪಾಲಿಗೆ ಬಂತು. ತೂಕದಕ್ಕ ಅದನ್ನು ಎರಡು ಸಲ ಓದಿದಳು. ಶೂ ಸಿಗದಿದ್ದರೆ ಪದಕ ಹೋಗುತ್ತಿತ್ತು, ಈಗ ನೋಡಿದರೆ ಶೂ ಸಿಕ್ಕರೂ ಕೆಲಸ ಹೋಗುವ ಹಾಗಿತ್ತು. ಕಣ್ಣೊರೆಸಿಕೊಂಡು ಆ ಕಾಗದಕ್ಕೂ ನಂಬರು ಹಾಕಿದಳು.

ಪಾದರಕ್ಷೆ ಸಾಮರ್ಥ್ಯ ಪರಿಶೀಲನಾ ಸಮಿತಿ ರಚನೆಯಾಯಿತು. ನಿರ್ದೇಶಕರು ಅಧ್ಯಕ್ಷರು, ಸೂಪರಿಂಟೆಂಡೆಂಟರು ಕಾರ್ಯದರ್ಶಿ, ಬಾಮೈದ ತಜ್ಞ. ಬಾಮೈದನನ್ನು ಆರಿಸಿದ್ದು ಸಂಬಂಧದಿಂದಲ್ಲ, ಅನುಭವದಿಂದ ಎಂದು ಯಾರೂ ಕೇಳುವ ಮೊದಲೇ ನಡಾವಳಿಯಲ್ಲಿ ದಾಖಲಿಸಲಾಯಿತು. ಹಿಮ್ಮಡಿಯ ಎತ್ತರವನ್ನು ಅಧ್ಯಯನ ಮಾಡಲು ಎತ್ತರದ ಪ್ರದೇಶವೇ ಸೂಕ್ತವೆಂದು ಸಮಿತಿ ಮೊದಲಿಗೆ ಒಂದು ತಂಪಾದ ಗಿರಿಧಾಮಕ್ಕೆ ಹೋಗಿ ಬಂತು. ಕುಟುಂಬದವರನ್ನೂ ಕರೆದೊಯ್ದಿದ್ದರಿಂದ ಹೆಂಗಸರ ಮತ್ತು ಮಕ್ಕಳ ಹಿಮ್ಮಡಿಗಳ ಅಧ್ಯಯನವೂ ಜೊತೆಗೇ ಮುಗಿಯಿತು. ಆಮೇಲೆ ಬಾಮೈದ ಬೇರೆ ಅಂಗಡಿಯಿಂದ ಒಂದು ಜೊತೆ ಭಾರ ಎತ್ತುವ ಶೂ ತಂದು, ತನ್ನ ಅಂಗಡಿಯ ಡಬ್ಬಿಗೆ ಹಾಕಿ, ಇಲಾಖೆಗೆ ಮಾರಿದ.

ಪರೀಕ್ಷೆ ನಡೆದದ್ದು ಹಿಂಬದಿಯ ಶೆಡ್ಡಿನಲ್ಲಿ. ಬಾರಿಗೆ ಎರಡೂ ಕಡೆ ತೂಕದ ಬಿಲ್ಲೆ ಹಾಕಿ ನೆಲದ ಮೇಲೆ ಇಟ್ಟರು. ಅದರ ಮುಂದೆ ಹೊಸ ಶೂಗಳನ್ನು ಜೋಡಿಸಿಟ್ಟರು. ಸಮಿತಿಯವರು ಕುರ್ಚಿಯಲ್ಲಿ ಕೂತು ಕಾದರು. ಬಿಸ್ಕತ್ತು, ಚಹಾ ಬಂತು. ಶೂ ಭಾರ ಎತ್ತಲಿಲ್ಲ. ಜನ ನೋಡುತ್ತಿದ್ದರೆ ಸಂಕೋಚವಾಗಬಹುದೆಂದು ನಿರ್ದೇಶಕರ ಸೂಚನೆಯಂತೆ ಎಲ್ಲರೂ ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿ ಕೂತರು. ಆಗಲೂ ಎತ್ತಲಿಲ್ಲ. "ಸದರಿ ಶೂ ಪ್ರಯತ್ನಿಸಿದ ಲಕ್ಷಣವೂ ಕಂಡುಬರಲಿಲ್ಲ" ಎಂದು ಕಾರ್ಯದರ್ಶಿಗಳು ಬರೆದುಕೊಂಡರು.

ಪಕ್ಷಪಾತದ ಮಾತು ಬರಬಾರದೆಂದು ಸರ್ವೋಪಯೋಗಿ ಶೂವನ್ನೂ ಅದೇ ಜಾಗದಲ್ಲಿ ಇಟ್ಟು ನೋಡಲಾಯಿತು. ಅದೂ ಎತ್ತಲಿಲ್ಲ. ಆದರೆ ಅದು ಸರ್ವ ಕೆಲಸಕ್ಕೂ ಉಪಯೋಗಿ, ಒಂದು ಕೆಲಸ ಕೈಕೊಟ್ಟರೆ ಉಳಿದವು ಬಾಕಿಯಿರುತ್ತವೆ, ಆದ್ದರಿಂದ ಅದನ್ನು ವಿಫಲವೆನ್ನಲು ಬರುವುದಿಲ್ಲ ಎಂದು ತಜ್ಞರು ಅಭಿಪ್ರಾಯಪಟ್ಟರು. ಒಂದೇ ಕೆಲಸಕ್ಕೆಂದು ಬಂದು ಆ ಒಂದನ್ನೂ ಮಾಡದ ಶೂವಿಗೆ ಅಂಥ ರಿಯಾಯಿತಿ ಸಲ್ಲದು ಎಂದರು. ಸಮಿತಿ ಎದ್ದು ಹೊರಡುವುದರಲ್ಲಿತ್ತು.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ತೂಕದಕ್ಕ ಆಗ ಮುಂದೆ ಬಂದಳು. ಕೂಟ ಹತ್ತಿರ ಬಂದಿತ್ತು, ಮರ್ಯಾದೆ ನೋಡಿಕೊಂಡು ನಿಲ್ಲುವ ಹೊತ್ತಾಗಿರಲಿಲ್ಲ.

"ಸರ್, ಒಂದು ಸಲ ನಾನು ಅದನ್ನ ಹಾಕ್ಕೊಂಡು ತೋರಿಸ್ತೀನಿ. ಆಮೇಲೆ ನೀವು ಏನು ಬೇಕಾದ್ರೂ ಬರೆದುಕೊಳ್ಳಿ."

ಸಮಿತಿ ಚರ್ಚಿಸಿತು. ಪರೀಕ್ಷೆಯಲ್ಲಿರುವ ವಸ್ತುವಿಗೆ ಹೊರಗಿನವರು ಸಹಾಯ ಮಾಡಬಹುದೆ ಎಂಬ ಪ್ರಶ್ನೆ ಎದ್ದಿತು. ಕುರುಡರಿಗೆ ಬರೆದುಕೊಡುವವರನ್ನು ಪರೀಕ್ಷೆಗಳಲ್ಲಿ ಬಿಡುತ್ತಾರೆಂದು ನಿರ್ದೇಶಕರು ಹೇಳಿದ್ದರಿಂದ, ಅವಳನ್ನು ಶೂವಿನ ಸಹಾಯಕಿ ಎಂದು ಆ ಮಟ್ಟಿಗೆ ನೇಮಿಸಲಾಯಿತು.

ಅವಳು ಶೂ ತೊಟ್ಟು ಪಟ್ಟಿ ಬಿಗಿದು ನಿಂತಳು. ಕಾಲ ಕೆಳಗೆ ನೆಲ ಇದೆ ಎಂದು ಮೊದಲ ಸಲ ಗೊತ್ತಾಯಿತು. ಬಾರ್ ಹಿಡಿದಳು, ಉಸಿರು ಕಟ್ಟಿದಳು, ಎಳೆದು ಅದರಡಿಗೆ ಕೂತಳು. ಬೆನ್ನು ಗೋಡೆಯಂತೆ ನಿಂತಿತು. ಪಾದ ಒಂದು ಕೂದಲೆಳೆಯಷ್ಟೂ ಹೊರಳಲಿಲ್ಲ. ಮೇಲೆದ್ದಾಗ ಅವಳು ಜೀವಮಾನದಲ್ಲಿ ಎತ್ತಿರದಷ್ಟು ಭಾರ ತಲೆಯ ಮೇಲೆ ಸುಮ್ಮನೆ ನಿಂತಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಬಾರ್ ಇಳಿಸುವುದನ್ನೇ ಮರೆತು ನಿಂತುಬಿಟ್ಟಳು.

ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ದೇಶಕರು ಬಳಿ ಬಂದು, ಬಗ್ಗಿ, ಅವಳ ಪಾದದ ಹತ್ತಿರ ಕೈಯಿಟ್ಟು, "ಶಭಾಷ್," ಎಂದರು.

ವರದಿ ಬಂತು. "ಶೂ ಭಾರ ಎತ್ತಿದ್ದನ್ನು ಸಮಿತಿಯು ಕಣ್ಣಾರೆ ಕಂಡಿರುತ್ತದೆ. ಆ ಸಮಯದಲ್ಲಿ ಅದರೊಳಗೆ ಒಬ್ಬ ಮಹಿಳೆ ಇದ್ದುದಾಗಿಯೂ ತಿಳಿದುಬಂದಿದೆ." ಶೂವನ್ನು ಕೂಟಕ್ಕೆ ಇಲಾಖೆಯ ಅಧಿಕೃತ ಸ್ಪರ್ಧಿಯಾಗಿಯೂ ತೂಕದಕ್ಕನನ್ನು ಅದರ ಧಾರಕಿಯಾಗಿಯೂ ಕಳಿಸಲಾಯಿತು. ಧಾರಕಿ ಎಂದರೆ ತೊಟ್ಟುಕೊಳ್ಳುವವಳು. ಅವಳು ತಕರಾರು ಮಾಡಲಿಲ್ಲ. ಏನಾದರೂ ಕರೆಯಲಿ, ಪದಕ ಬಂದರೆ ಸಾಕು, ಕೆಲಸ ಖಾಯಂ ಎಂದು ಮಾವನಿಗೂ ಗಂಡನಿಗೂ ಹೇಳಿದಳು. ಕೂಟದಲ್ಲಿ ಚಿನ್ನ ಬಂತು. ಅಗ್ನಿಶಾಮಕದವರು ಈ ಸಲ ಚಪ್ಪಾಳೆ ತಟ್ಟಲಿಲ್ಲ, ಅದೇ ದೊಡ್ಡ ಮರ್ಯಾದೆ ಎಂದು ಮಾವ ಕಣ್ಣೀರು ಹಾಕಿದ.

ವಾರದೊಳಗೆ ಆದೇಶ ಹೊರಬಿತ್ತು. ಪದಕ ಗಳಿಸಿದವರನ್ನು ಖಾಯಂಗೊಳಿಸತಕ್ಕದ್ದು ಎಂಬ ನಿಯಮದಂತೆ ಶೂವನ್ನು ಖಾಯಂಗೊಳಿಸಲಾಗಿತ್ತು. ಹುದ್ದೆ ಒಂದೇ, ಶೂ ಎರಡು. ಎರಡೂ ಒಂದೇ ಡಬ್ಬಿಯಲ್ಲಿ ಬಂದದ್ದರಿಂದ ಜ್ಯೇಷ್ಠತೆ ಸಮ. ಅಂಥ ಸಂದರ್ಭದಲ್ಲಿ ಅಕ್ಷರಾನುಕ್ರಮ ನೋಡತಕ್ಕದ್ದು, 'ಎಡ' ಎಂಬುದು 'ಬಲ' ಎಂಬುದಕ್ಕಿಂತ ಮೊದಲು ಬರುತ್ತದೆ. ಆದ್ದರಿಂದ ಎಡಗಾಲಿನ ಶೂ ಖಾಯಂ, ಬಲಗಾಲಿನದು ಮುಂದೆ ಹುದ್ದೆ ಖಾಲಿಯಾಗುವ ತನಕ ಕಾಯತಕ್ಕದ್ದು. ಶೂವಿಗೆ ಬ್ಯಾಂಕ್ ಖಾತೆ ಇಲ್ಲದ ಕಾರಣ ಅದರ ಸಂಬಳವನ್ನು ಪೋಷಕರ ನೆಲೆಯಲ್ಲಿ ಬಾಮೈದನಿಗೆ ಪಾವತಿಸತಕ್ಕದ್ದು. ಧಾರಕಿಯು ಮೊದಲಿನಂತೆ ತಾತ್ಕಾಲಿಕ. ಉಳಿದ ಹೊತ್ತಿನಲ್ಲಿ ಅವಳು ಸರ್ವೋಪಯೋಗಿ ಶೂ ತೊಡತಕ್ಕದ್ದು, ಅದನ್ನು ತೊಟ್ಟವರು ಸರ್ವ ಕೆಲಸಗಳಿಗೂ ಲಭ್ಯರಿರತಕ್ಕದ್ದು.

ತೂಕದಕ್ಕ ಆದೇಶವನ್ನು ಹಿಡಿದು ನೇರವಾಗಿ ನಿರ್ದೇಶಕರ ಕೋಣೆಗೆ ನುಗ್ಗಿದಳು. ಅಲ್ಲಿ ಸೂಪರಿಂಟೆಂಡೆಂಟರೂ ಇದ್ದರು.

"ಎತ್ತಿದ್ದು ನಾನು ಸರ್," ಎಂದಳು. "ನಮ್ಮ ಮನೇಲಿ ಸಂಬಳ ಅಂತ ಬರೋದು ನಂದೊಂದೇ."

ನಿರ್ದೇಶಕರು ಕೂರಲು ಹೇಳಿದರು. ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದರು. "ನೋಡಮ್ಮ, ಹೋದ ವರ್ಷ ನೀನಿದ್ದೆ, ಈ ಶೂ ಇರಲಿಲ್ಲ. ಎತ್ತೋಕಾಗಲಿಲ್ಲ. ಈ ವರ್ಷ ನೀನೂ ಇದ್ದೆ, ಶೂನೂ ಇತ್ತು. ಎತ್ತಿದ್ದಾಯ್ತು. ಹೊಸದಾಗಿ ಬಂದಿದ್ದು ಯಾರು? ನೀನೇ ಹೇಳು."

ತೂಕದಕ್ಕ ಎರಡೂ ವರ್ಷಗಳನ್ನು ಬೆರಳು ಮಡಚಿ ಲೆಕ್ಕ ಹಾಕಿದಳು. ಯೋಚಿಸುತ್ತ ಹೋದ ಹಾಗೆ ಅವಳಿಗೇ ಅನುಮಾನ ಬರತೊಡಗಿತು.

ಸನ್ಮಾನ ಸಮಾರಂಭ ವಿಜೃಂಭಣೆಯಿಂದ ನಡೆಯಿತು. ಎಡ ಶೂವನ್ನು ವೇದಿಕೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದರು. ಫೋಟೋದವನು ಅಡ್ಡ ಬರುತ್ತದೆಂದು ತೂಕದಕ್ಕನನ್ನು ಪಕ್ಕಕ್ಕೆ ಸರಿಸಿದ. ಎರಡು ಮಾತಾಡಬೇಕೆಂದು ಶೂವನ್ನು ಕೋರಲಾಯಿತು, ಅದು ಆಡಲಿಲ್ಲ. ಇಷ್ಟು ದೊಡ್ಡ ಸಾಧನೆ ಮಾಡಿಯೂ ಇಷ್ಟು ವಿನಯ ಎಂದು ನಿರ್ದೇಶಕರು ಗದ್ಗದಿತರಾದರು. ಮಾವ ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಶೂ ಒಳ್ಳೆಯದು ಎಂದು ಮೊದಲು ಹೇಳಿದವನು ತಾನೇ ಎಂದು ಪಕ್ಕದವರಿಗೆ ಪರಿಚಯ ಮಾಡಿಕೊಂಡ.

ಮರುದಿನದಿಂದ ತೂಕದಕ್ಕ ಸರ್ವೋಪಯೋಗಿ ಶೂ ತೊಟ್ಟು ಟಪಾಲು ಹಂಚಿದಳು, ಚಹಾ ತಂದಳು, ಬೀರು ಸರಿಸಿದಳು. ಮುಂದಿನ ಕೂಟಕ್ಕೆ ತಯಾರಿ ಶುರುವಾಗಬೇಕಿತ್ತು. ಒಂದು ದಿನ ಬಿಡುವು ಮಾಡಿಕೊಂಡು ಅಭ್ಯಾಸಕ್ಕೆಂದು ಉಗ್ರಾಣಕ್ಕೆ ಹೋದಳು. ಎಡ ಶೂವಿಗೆ ಈಗ ಸ್ವಂತ ಟೇಬಲ್ಲು, ಫ್ಯಾನು ಇತ್ತು. ಅವಳು ಕೈ ಚಾಚಿದಳು.

"ಸ್ವಲ್ಪ ಮರ್ಯಾದೆ ಇರಲಮ್ಮ," ಎಂದರು ಸೂಪರಿಂಟೆಂಡೆಂಟರು. "ಖಾಯಂ ನೌಕರರು ಅವರು. ಒಳಗೆ ಕಾಲಿಡೋ ಮುಂಚೆ ಕೇಳಬೇಕು."

ಅವಳು ಸುತ್ತ ನೋಡಿದಳು. ಉಗ್ರಾಣದ ಗುಮಾಸ್ತರು ತಲೆ ಎತ್ತದೆ ಬರೆಯುತ್ತಿದ್ದರು. ಯಾರಿಗೂ ಇದರಲ್ಲಿ ವಿಶೇಷವೇನೂ ಕಂಡ ಹಾಗಿರಲಿಲ್ಲ. ತನ್ನ ಶೂಗಳನ್ನು ಬಿಚ್ಚಿ ಬರಿಗಾಲಲ್ಲಿ ಟೇಬಲ್ಲಿನ ಮುಂದೆ ನಿಂತಳು.

"ಸರ್, ಕಾಲಿಡಲಾ?"

ಉತ್ತರ ಬರಲಿಲ್ಲ. ಸೂಪರಿಂಟೆಂಡೆಂಟರು ಗೋಡೆ ಗಡಿಯಾರ ನೋಡಿದರು. "ಇದು ಊಟದ ಹೊತ್ತು," ಎಂದರು, "ಸಾಹೇಬರು ಎದ್ದ ಮೇಲೆ ಬಾ."

ತೂಕದಕ್ಕ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ಸಾಹೇಬರನ್ನು ಕಾಣಲು ಬಂದು ಅಲ್ಲಿ ಆಗಲೇ ಕೂತಿದ್ದವರು ಸರಿದು ಜಾಗ ಮಾಡಿಕೊಟ್ಟರು.