ಬಲ್ಬಣ್ಣನ ನಿರೀಕ್ಷಣಾ ರಜೆ

ನಮ್ಮ ಬೀದಿದೀಪ ಇಲಾಖೆಯಲ್ಲಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಕಾಯುವ ಹಕ್ಕು ನೌಕರರಿಗೆ ಮಾತ್ರ ಇದೆ, ಅವರ ಹೆಂಡತಿಯರಿಗೆ ಇಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಸಿಬ್ಬಂದಿ ಶಾಖೆಯ ಹಿರಿಯ ಸಹಾಯಕನಾದ ನನ್ನ ಕರ್ತವ್ಯ.

ಬಲ್ಬಣ್ಣ ಎಂದು ನಾವೆಲ್ಲ ಕರೆಯುವವನು ಇಲಾಖೆಯ ಉಗ್ರಾಣದ ಗುಮಾಸ್ತ. ಹೊಸ ಬಲ್ಬು ಕೊಡುವುದು, ಸುಟ್ಟ ಬಲ್ಬು ವಾಪಸು ಪಡೆಯುವುದು ಅವನ ಕೆಲಸ. ಅವನ ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಾಳೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಚಿಕಿತ್ಸೆ ಎರಡು ಸಲ ಕೈಕೊಟ್ಟಿತ್ತು. ಮೂರನೇ ಸಲ ಆಸ್ಪತ್ರೆಯಲ್ಲಿ ಭ್ರೂಣವನ್ನು ಆಕೆಯ ಗರ್ಭದೊಳಗೆ ಇಟ್ಟಮೇಲೆ ಡಾಕ್ಟರಮ್ಮ ಹೇಳಿದ್ದು ಇಷ್ಟು:

"ಹಾಸಿಗೆ ಹಿಡಿದು ಮಲಗೋದೇನೂ ಬೇಡಮ್ಮ. ಓಡಾಡ್ಕೊಂಡಿರಿ, ಹಗುರವಾದ ಕೆಲಸ ಮಾಡ್ಕೊಳ್ಳಿ. ಭಾರ ಎತ್ತಬೇಡಿ, ತೀರಾ ಸುಡೋ ನೀರಲ್ಲಿ ಸ್ನಾನ ಬೇಡ, ಔಷಧಿ ಮಾತ್ರ ತಪ್ಪಿಸಬೇಡಿ. ಹೊಟ್ಟೆನೋವು ಜೋರಾದ್ರೆ ಫೋನ್ ಮಾಡಿ. ಆತುರಪಟ್ಟು ಮನೇಲೇ ಟೆಸ್ಟ್ ಮಾಡ್ಕೊಂಡು ಗಾಬರಿಯಾಗಬೇಡಿ. ನಾವು ಹೇಳಿದ ದಿನ ಬಂದು ರಕ್ತ ಕೊಡಿ, ಸಾಕು."

ಇಷ್ಟು ಸರಳವಾದ ಸೂಚನೆಯಿಂದ ಯಾವ ಇಲಾಖೆಯೂ ನಡೆಯಲಾರದು ಎಂಬುದು ನನ್ನ ಅನುಭವ.

ಮಾರನೆಯ ದಿನ ಬಲ್ಬಣ್ಣ ನನ್ನ ಮೇಜಿನ ಮುಂದೆ ಬಂದು ನಿಂತ. "ಸಾರ್, ಸ್ವಲ್ಪ ದಿನ ರಜೆ ಬೇಕು. ಮನೆ ಮೂರನೇ ಮಹಡಿ. ನೀರಿನ ಕ್ಯಾನು ಹೊತ್ತು ಹಾಕೋರು ಯಾರೂ ಇಲ್ಲ. ಅಮ್ಮನಿಗೆ ಮಂಡಿನೋವು. ನಾನಿಲ್ಲ ಅಂದ್ರೆ ಅವಳೇ ಹೊರೋಕೆ ಹೋಗ್ತಾಳೆ, ಸುಮ್ನೆ ಕೂರೋ ಪೈಕಿ ಅಲ್ಲ."

ಅವನ ರಜೆಗಳೆಲ್ಲ ಹಿಂದಿನ ಎರಡು ಚಿಕಿತ್ಸೆಗಳಲ್ಲೇ ಮುಗಿದುಹೋಗಿದ್ದವು. ಆದರೂ ನಾನೇನು ಕಲ್ಲೆದೆಯವನಲ್ಲ. ನಿಯಮಾವಳಿಯನ್ನು ತಿರುವಿಹಾಕಿದಾಗ 'ಚಿಕಿತ್ಸೋತ್ತರ ನಿರೀಕ್ಷಣಾ ರಜೆ' ಎಂಬುದು ಸಿಕ್ಕಿತು. ಅದು ಮಹಿಳಾ ನೌಕರರಿಗಾಗಿ ಮಾಡಿದ ನಿಯಮ. ಆದರೆ ಶೌಚಾಲಯವಿಲ್ಲದ ಕಾರಣ ನಮ್ಮಲ್ಲಿ ಮಹಿಳೆಯರನ್ನು ನೇಮಿಸಿರಲಿಲ್ಲ, ಮಹಿಳೆಯರಿಲ್ಲದ ಕಾರಣ ಶೌಚಾಲಯ ಕಟ್ಟಿಸಿರಲಿಲ್ಲ. ಹೀಗಾಗಿ ಆ ನಿಯಮ ಯಾರ ಕೈಯೂ ತಾಗದೆ ಹೊಸದಾಗಿಯೇ ಉಳಿದಿತ್ತು. ಅದರಲ್ಲಿ 'ನೌಕರರು' ಎಂದಷ್ಟೇ ಇತ್ತು. ಗಂಡೋ ಹೆಣ್ಣೋ ಎಂಬ ವಿಚಾರದಲ್ಲಿ ನಿಯಮ ಮೌನವಾಗಿತ್ತು.

'ಸದರಿ ರಜೆಯಲ್ಲಿರುವ ನೌಕರರು ಭಾರ ಎತ್ತತಕ್ಕದ್ದಲ್ಲ, ಬಗ್ಗತಕ್ಕದ್ದಲ್ಲ, ಮೆಟ್ಟಿಲು ಹತ್ತತಕ್ಕದ್ದಲ್ಲ. ಅವರ ಮನಸ್ಸಿಗೆ ನೋವಾಗದಂತೆ ನೋಡಿಕೊಳ್ಳುವುದು ಇಲಾಖೆಯ ಹೊಣೆ. ಅಧಿಕಾರಿಗಳು ಮನೆಗೆ ಭೇಟಿ ನೀಡಿ ಪರಿಶೀಲಿಸತಕ್ಕದ್ದು.'

ಬಲ್ಬಣ್ಣ ತಲೆ ಕೆರೆದುಕೊಂಡ. "ಸಾರ್, ಭ್ರೂಣ ಇರೋದು ಅವಳ ಹೊಟ್ಟೇಲಿ."

ಪಕ್ಕದಲ್ಲೇ ಕೂತಿದ್ದ ನಮ್ಮ ಶಾಖೆಯ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಅವರು ನಮ್ಮ ಇಲಾಖೇಲಿ ಕೆಲಸ ಮಾಡ್ತಾರೇನ್ರೀ?"

"ಇಲ್ಲ ಸಾರ್."

"ಮತ್ತೆ? ನೀವು ಹೋಗಿ ಮಲಗಿ."

ರಜೆ ಮಂಜೂರಾದ ಕ್ಷಣದಿಂದ ಅವನು ಮೆಟ್ಟಿಲು ಹತ್ತುವಂತಿರಲಿಲ್ಲ. ಆದ್ದರಿಂದ ದೀಪ ರಿಪೇರಿ ಮಾಡುವ ನಮ್ಮ ಏಣಿ ಲಾರಿಯಲ್ಲಿ ಮನೆಗೆ ಕರೆದೊಯ್ದು, ಅದರ ತುದಿಯ ತೊಟ್ಟಿಯಲ್ಲಿ ನಿಲ್ಲಿಸಿ, ಮೂರನೇ ಮಹಡಿಯ ಬಾಲ್ಕನಿಗೆ ಎತ್ತಿ ಇಳಿಸಲಾಯಿತು. ಒಣಹಾಕಿದ ಬಟ್ಟೆಗಳ ನಡುವಿನಿಂದ ಮಗ ಒಳಗೆ ಬಂದದ್ದನ್ನು ಕಂಡು ಅವನ ತಾಯಿ ಎದೆ ಎದೆ ಬಡಿದುಕೊಂಡರು.

"ಅಯ್ಯೋ ನನ್ನಪ್ಪಾ! ಏನಾಯ್ತೋ ನಿನಗೆ?"

"ಏನೂ ಆಗಿಲ್ಲಮ್ಮ. ಕಾಯ್ತಿದ್ದೀನಿ."

ವಿಷಯವನ್ನು ನಾನೇ ತಿಳಿಸಿಹೇಳಿದೆ. ಅಷ್ಟೂ ಹೊತ್ತು ಹೊಲಿಗೆ ಮಿಷನ್ನಿನ ಮುಂದೆ ಕೂತು ಕೇಳಿಸಿಕೊಂಡ ಹೆಂಡತಿ, ಹಲ್ಲಲ್ಲಿ ದಾರ ಕಡಿದು, "ಸರಿ ಬಿಡಿ, ಇವರಿಗೆ ದಿಂಬು ತರ್ತೀನಿ," ಎಂದಳು.

ಮೊದಲ ಪರಿಶೀಲನೆಗೆ ಸಾಹೇಬರೂ ನಾನೂ ಮುನ್ಸೂಚನೆಯಿಲ್ಲದೆ ಹೋದೆವು. ಬಾಗಿಲು ತೆರೆದೇ ಇತ್ತು. ಹೇಳಲು ವಿಷಾದವಾಗುತ್ತದೆ, ಬಲ್ಬಣ್ಣ ತುಂಬಿದ ನೀರಿನ ಕ್ಯಾನು ಹಿಡಿದು ನಡುಮನೆಯಲ್ಲಿ ನಿಂತಿದ್ದ. ಕೆಳಗಿನಿಂದ ಹೊತ್ತು ತಂದಿದ್ದನೆಂಬುದಕ್ಕೆ ಅವನ ಏದುಸಿರೇ ಸಾಕ್ಷಿ.

"ಭಾರ!" ಎಂದು ಸಾಹೇಬರು ಕೂಗಿದರು. "ಇಳಿಸ್ರೀ ಅದನ್ನ!"

ಅವನು ಬಗ್ಗಲು ಹೊರಟ.

"ಬಗ್ಗಬೇಡಿ!" ಎಂದು ನಾನು ಕೂಗಿದೆ.

ಅವನು ಅರ್ಧಕ್ಕೇ ನಿಂತ. ಎತ್ತಿ ಹಿಡಿಯುವಂತಿಲ್ಲ, ಬಗ್ಗಿ ಇಳಿಸುವಂತಿಲ್ಲ. ನಾವು ಕೈಹಾಕೋಣವೆಂದರೆ ಪರಿಶೀಲನಾಧಿಕಾರಿಗಳು ಅರ್ಜಿದಾರರಿಂದ ಏನನ್ನೂ ಸ್ವೀಕರಿಸಬಾರದೆಂಬ ಇನ್ನೊಂದು ನಿಯಮವಿದೆ. ತಾಯಿ ಮಂಡಿ ಹಿಡಿದುಕೊಂಡು ಏಳಲು ನೋಡುತ್ತಿದ್ದರು. ಕ್ಯಾನು ಬಲ್ಬಣ್ಣನ ಕೈಯಿಂದ ಜಾರತೊಡಗಿತು, ಅವನ ಮುಖ ಕೆಂಪಾಯಿತು.

"ಕೊಡಿ ಇಲ್ಲಿ," ಎಂದು ಹೆಂಡತಿ ಎದ್ದಳು.

"ನೀನು ಮುಟ್ಟಬೇಡ!" ಎಂದು ಅವನು ಅರಚಿದ.

"ಉದ್ವೇಗ," ಎಂದು ಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು. ಅದು ಒಂದೇ ಭೇಟಿಯಲ್ಲಿ ಮೂರನೇ ಉಲ್ಲಂಘನೆ.

ಆಕೆ ಕ್ಯಾನನ್ನು ಮುಟ್ಟಲಿಲ್ಲ. ತಾನು ಕೂತಿದ್ದ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ಅವನ ಮುಂದೆ ಸರಿಸಿದಳು. ಕ್ಯಾನು ಅದರ ಮೇಲೆ ಕೂತಿತು, ಬಲ್ಬಣ್ಣ ನೆಲದ ಮೇಲೆ. ಎಲ್ಲರೂ ಉಸಿರುಬಿಟ್ಟೆವು.

"ಸಾರ್," ಎಂದಳು ಆಕೆ, "ಇವರ ಮನಸ್ಸಿಗೆ ನೋವಾದ್ರೆ ಯಾರು ಹೊಣೆ ಅಂದ್ರಿ?"

"ಇಲಾಖೆ," ಎಂದೆ.

"ನಾನು ನೀರು ಹೊತ್ರೆ ಇವರಿಗೆ ನೋವಾಗುತ್ತೆ. ಈಗ ನೋಡಿದ್ರಲ್ಲ. ಅತ್ತೆ ನೆಲ ಒರೆಸಿದ್ರೂ ನೋವಾಗುತ್ತೆ. ನೀರು ಎಲ್ಲಿಂದ ಬರಬೇಕು?"

ಸಾಹೇಬರು ಬಹಳ ಹೊತ್ತು ಸೀಲಿಂಗ್ ಫ್ಯಾನು ನೋಡಿದರು. ಅವರು ಯೋಚಿಸುವುದು ಹಾಗೆಯೇ. ಮರುದಿನದಿಂದ ಅರ್ಜಿದಾರರ ಮನಶ್ಶಾಂತಿಗಾಗಿ ಇಬ್ಬರು ಲೈನ್‌ಮನ್‌ಗಳನ್ನು ಆ ಮನೆಗೆ ನಿಯೋಜಿಸಲಾಯಿತು. ಒಬ್ಬ ನೀರು ಹೊರುತ್ತಿದ್ದ, ನೆಲ ಒರೆಸುತ್ತಿದ್ದ. ಇನ್ನೊಬ್ಬ ಅಡುಗೆ ಮಾಡುತ್ತಿದ್ದ, ಉಪ್ಪು ಸ್ವಲ್ಪ ಮುಂದು ಎಂಬ ದೂರು ಬಿಟ್ಟರೆ ಅವನ ಸೇವೆ ತೃಪ್ತಿಕರವಾಗಿತ್ತು. ಅವರ ಪಾಲಿನ ಬೀದಿಗಳಲ್ಲಿ ದೀಪ ಉರಿಯಲಿಲ್ಲ ನಿಜ. ಕತ್ತಲೆಯ ಬಗ್ಗೆ ದೂರು ತಂದವರಿಗೆ, 'ಇಲಾಖೆಯು ಶುಭ ನಿರೀಕ್ಷೆಯಲ್ಲಿದೆ, ಸಾರ್ವಜನಿಕರು ಸಹಕರಿಸಬೇಕು' ಎಂಬ ಪ್ರಕಟಣೆಯನ್ನು ನಾನೇ ಬರೆದು ಅಂಟಿಸಿದೆ.

ನಿಯಮದ ಸೊಗಸು ಹೊರಬಿದ್ದಮೇಲೆ ಬೇರೆಯವರೂ ಅರ್ಜಿ ಹಾಕಿದರು. ಮದುವೆಯಾಗದ ಸಾಹೇಬರೇ ಒಂದು ವಾರ ತೆಗೆದುಕೊಂಡರು.

"ತಾವು ಏನನ್ನ ನಿರೀಕ್ಷಿಸ್ತಿದ್ದೀರಿ ಅಂತ ಬರೀಲಿ ಸಾರ್?" ಎಂದು ಕೇಳಿದೆ.

"ಬಡ್ತಿ," ಎಂದರು. ಅದೂ ಎರಡು ಸಲ ಕೈಕೊಟ್ಟಿತ್ತು.

ಕೊನೆಯ ಪರಿಶೀಲನೆಗೆ ನಾನೊಬ್ಬನೇ ಹೋಗಿದ್ದೆ. ಬಲ್ಬಣ್ಣ ನಿಯಮದಂತೆ ಮಲಗಿದ್ದ. ಹೆಂಡತಿ ಹಸಿರು ಪರದೆಯೊಂದಕ್ಕೆ ಅಂಚು ಹೊಡೆಯುತ್ತಿದ್ದವಳು ಚಕ್ರದ ಮೇಲೆ ಕೈಯಿಟ್ಟು ಮಿಷನ್ನು ನಿಲ್ಲಿಸಿದಳು.

"ರೀ, ಈ ಸಲ ನನಗೆ ಏನೂ ಅನ್ನಿಸ್ತಾನೇ ಇಲ್ಲ. ಹೋದ ಸಲ ವಾಕರಿಕೆಯಾದ್ರೂ ಇತ್ತು."

"ಹೋದ ಸಲ ವಾಕರಿಕೆ ಇದ್ದೂ ಆಗಲಿಲ್ಲ. ಅನ್ನಿಸಲೇಬೇಕು ಅಂತೇನಿಲ್ಲ ಅಂದ್ರಲ್ಲ ಫೋನಲ್ಲಿ ಡಾಕ್ಟ್ರು."

"ಅಂಗಡಿಯಿಂದ ಟೆಸ್ಟ್ ತರಿಸಿ ನೋಡೋಣ್ವಾ?"

"ಬೇಡ ಕಣೆ. ಅದು ಇಲ್ಲ ಅಂತ ತೋರಿಸಿದ್ರೆ ನೀನು ಇವತ್ತೇ ಅಳ್ತೀಯ. ಅಳೋದಿದ್ರೆ ಅವರು ಹೇಳಿದ ದಿನವೇ ಅಳೋಣ. ಇಬ್ಬರೂ."

ಅವನು ಹಾಸಿಗೆಯಿಂದ ಎದ್ದು ಹೋಗಿ ಅವಳ ಪಕ್ಕ ಕೂತ. ಪರದೆಯ ಬಟ್ಟೆಯ ಕೆಳಗೆ ಅವಳ ಕೈ ಹಿಡಿದುಕೊಂಡಂತೆ ಕಂಡಿತು. ಆ ಸಂಭಾಷಣೆ ಅರ್ಜಿದಾರರ ಸ್ಥಿತಿಗೆ ಸಂಬಂಧಿಸಿರಲಿಲ್ಲವಾದ್ದರಿಂದ ವರದಿಯಲ್ಲಿ ಸೇರಿಸಲಿಲ್ಲ. ಅವನು ಎದ್ದು ಓಡಾಡಿದ್ದನ್ನೂ ಏಕೋ ಸೇರಿಸಲಿಲ್ಲ.

ನಿಗದಿಯಾದ ದಿನ ಹೆಂಡತಿ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಳು. ಬಲ್ಬಣ್ಣ ನಿಯಮಾನುಸಾರ ಇಲಾಖೆಯ ವೈದ್ಯರಲ್ಲಿ ರಕ್ತ ಕೊಟ್ಟ. ವೈದ್ಯರು ಕೂಲಂಕಷವಾಗಿ ಪರೀಕ್ಷಿಸಿ, ಗರ್ಭ ನಿಂತಿಲ್ಲವೆಂದು ವರದಿ ಮಾಡಿದರು.

ಸಂಜೆ ನಾವೆಲ್ಲ ಮುಖ ಸಣ್ಣ ಮಾಡಿಕೊಂಡು ಅವನ ಮನೆಗೆ ಹೋದೆವು. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸಮಾಧಾನ ಮಾಡ್ಕೊಳ್ಳಿ ತಾಯೀ," ಎಂದರು ಸಾಹೇಬರು.

"ಖುಷಿಗೆ ಕಣಪ್ಪಾ! ಖುಷಿಗೆ!"

"ಆಘಾತವಾದಾಗ ಹೀಗೇ," ಎಂದು ಸಾಹೇಬರು ನಮಗೆ ಪಿಸುಗುಟ್ಟಿದರು.

ಬಲ್ಬಣ್ಣ ಒಳಗಿನಿಂದ ಓಡಿಬಂದ. "ಸಾರ್, ನಿಂತಿದೆ ಸಾರ್! ಅವಳಿಗೆ ನಿಂತಿದೆ! ಈಗಷ್ಟೇ ಫೋನ್ ಬಂತು!"

"ಬಹಳ ಸಂತೋಷ. ಅದು ನಿಮ್ಮ ಮನೆ ವಿಷಯ," ಎಂದರು ಸಾಹೇಬರು. "ನಿಮ್ಮದೇನಾಯ್ತು ಹೇಳಿ."

ಬಲ್ಬಣ್ಣ ಹೆಂಡತಿಯ ಮುಖ ನೋಡಿದ. ಆಕೆ ಕಣ್ಣಲ್ಲೇ ಏನೋ ಹೇಳಿದಳು. ಅವನು ತಲೆ ತಗ್ಗಿಸಿದ.

"ನನ್ನದು ನಿಲ್ಲಲಿಲ್ಲ ಸಾರ್."

"ಧೈರ್ಯ ತಂದ್ಕೊಳ್ಳಿ," ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಲೈನ್‌ಮನ್‌ಗಳಿಬ್ಬರೂ ಅಡುಗೆಮನೆಯಿಂದ ಬಂದು ಕೈಕಟ್ಟಿ ನಿಂತರು. ಎಲ್ಲರೂ ಒಂದು ನಿಮಿಷ ಮೌನ ಆಚರಿಸಿದೆವು. ಆ ಮೌನದಲ್ಲಿ ಹೆಂಡತಿ ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದಳು. ಅವಳ ಹೆಗಲು ಕುಲುಕುತ್ತಿತ್ತು. ಗಂಡನ ಸಂಕಟ ನೋಡಲಾರದ ಹೆಣ್ಣುಮಗಳು.

ಮೌನ ಮುಗಿದಮೇಲೆ ಆಕೆ ಕಣ್ಣೊರೆಸಿಕೊಂಡು, "ಪಾಪ, ತುಂಬಾ ನೊಂದ್ಕೊಂಡಿದ್ದಾರೆ ಸಾರ್," ಎಂದಳು. "ಇನ್ನೊಂದು ಸಲ ಪ್ರಯತ್ನಿಸೋಕೆ ಅವಕಾಶ ಇದೆಯಾ?"

"ಖಂಡಿತ ಇದೆ," ಎಂದೆ. ಆಮೇಲೆ ಎಲ್ಲರಿಗೂ ಸಿಹಿ ಕೊಟ್ಟರು. ದುಃಖದ ಮನೆಯಲ್ಲಿ ಬೇಡವೆನ್ನಬಾರದೆಂದು ತಿಂದೆವು.

ಹೊಸ ಆದೇಶವನ್ನು ಮರುದಿನವೇ ಹೊರಡಿಸಲಾಯಿತು. ಅದರಲ್ಲಿ ಅರ್ಜಿದಾರರ ರಜೆಯನ್ನೂ ಲೈನ್‌ಮನ್‌ಗಳ ನಿಯೋಜನೆಯನ್ನೂ ಮುಂದುವರಿಸಲಾಗಿದೆ. ಅರ್ಜಿದಾರರ ಪತ್ನಿಯು ಇಲಾಖೆಯ ಪೂರ್ವಾನುಮತಿಯಿಲ್ಲದೆ ಗರ್ಭಿಣಿಯಾಗಿರುವುದನ್ನು ಗಮನಿಸಿ, ಆಕ್ಷೇಪಣೆ ಇಲ್ಲವೆಂದು ಷರಾ ಬರೆಯಲಾಗಿದೆ. ಆಕೆಗೆ ಈಗ ಐದು ತಿಂಗಳು, ಆರೋಗ್ಯವಾಗಿದ್ದಾಳೆ.

ಬಲ್ಬಣ್ಣ ಮತ್ತೆ ಕಾಯುತ್ತಿದ್ದಾನೆ. ಈ ಸಲ ಅವನಿಗೆ ನಿಂತೇ ನಿಲ್ಲುತ್ತದೆ ಎಂಬ ವಿಶ್ವಾಸ ಇಲಾಖೆಗಿದೆ.